ಓಣಿಯ ಹಾದಿ ಎಲ್ಲರದು

ಊರೆಂದರೆ ಮನೆಗಳ ಗುಂಪು ಮಾತ್ರವಲ್ಲ. ಮನೆಯನ್ನು ಮನೆಗೆ ಕೂಡಿಸುವ ಹಾದಿಗಳೂ ಸೇರಿದಾಗಲೇ ಊರು ಊರೆನಿಸುತ್ತದೆ. ಹೊಸ್ತಿಲು ದಾಟಿದೊಡನೆ ನಾವು ಕಾಲಿಡುವ ಓಣಿ ಯಾರೊಬ್ಬರ ಸ್ವತ್ತೂ ಅಲ್ಲ. ಅದು ಯಾರಿಗೂ ಪರಕೀಯವೂ ಅಲ್ಲ. ಹಸುಳೆಯು ಅಂಗಳದಿಂದ ಹೊರಬಿದ್ದು ತಪ್ಪುಹೆಜ್ಜೆ ಇಡುವುದು ಅಲ್ಲಿಯೇ. ಕೋಲೂರಿದ ವೃದ್ಧರು ಸಂಜೆಯ ಹೊತ್ತು ನಾಲ್ಕು ಹೆಜ್ಜೆ ನಡೆದು ಬರುವುದೂ ಅಲ್ಲಿಯೇ. ಶಾಲೆಯ ಗಂಟೆ ಬಾರಿಸುವ ಮುನ್ನ ಸೈಕಲ್ ತುಳಿದು ಹೋಗುವ ವಿದ್ಯಾರ್ಥಿಗೂ ಅದೇ ಹಾದಿ ಬೇಕು. ವಯಸ್ಸಿನಲ್ಲಿ, ವೇಗದಲ್ಲಿ, ಅವಸರದಲ್ಲಿ ಭಿನ್ನರಾದ ಇವರೆಲ್ಲರೂ ಒಂದೇ ಇಕ್ಕಟ್ಟಾದ ಓಣಿಯಲ್ಲಿ ಪರಸ್ಪರ ನೋವಾಗದಂತೆ ಸಂಚರಿಸುವುದು ಹೇಗೆ? ನೋಡುವುದಕ್ಕೆ ಸಣ್ಣದೆನಿಸುವ ಈ ಪ್ರಶ್ನೆಯಲ್ಲಿ ನಾಗರಿಕ ಜೀವನದ ದೊಡ್ಡ ಪಾಠವೊಂದು ಅಡಗಿದೆ.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಪಟ್ಟಣಗಳನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಗೋಕಾಕವು ಘಟಪ್ರಭಾ ನದಿಯ ಜಲಪಾತಕ್ಕೂ, ಕರದಂಟಿಗೂ, ಕಟ್ಟಿಗೆಯ ಆಟಿಕೆಗಳಿಗೂ ಹೆಸರಾದ ಊರು. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳು ಇಂದಿಗೂ ನಿಂತಿವೆ. ಮೊದಲು ಗೋಕಾಕ ತಾಲೂಕಿಗೆ ಸೇರಿದ್ದ ಮೂಡಲಗಿಯು ಈಗ ತಾನೇ ಒಂದು ತಾಲೂಕಿನ ಕೇಂದ್ರವಾಗಿದೆ. ಇಂಥ ಹಳೆಯ ಊರುಗಳ ಓಣಿಗಳು ರೂಪುಗೊಂಡ ಕಾಲದಲ್ಲಿ ಚಕ್ಕಡಿಯೇ ಮುಖ್ಯ ವಾಹನವಾಗಿತ್ತು. ಎತ್ತಿನ ನಡಿಗೆಯೇ ಬೀದಿಯ ವೇಗವಾಗಿತ್ತು. ಎದುರಿಗೆ ಚಕ್ಕಡಿ ಬಂದರೆ ಮುದುಕಿಯೊಬ್ಬಳು ನಿಧಾನವಾಗಿ ಪಕ್ಕದ ಕಟ್ಟೆಗೆ ಸರಿಯುವಷ್ಟು ಸಮಯ ಯಾವಾಗಲೂ ದೊರೆಯುತ್ತಿತ್ತು. ಇಂದು ಓಣಿಯ ಅಗಲ ಹೆಚ್ಚಾಗಿಲ್ಲ. ಅದರಲ್ಲಿ ಸಂಚರಿಸುವ ವಾಹನಗಳ ವೇಗ ಮಾತ್ರ ಹಲವು ಪಟ್ಟು ಹೆಚ್ಚಿದೆ. ತೊಡಕಿನ ಮೂಲ ಇಲ್ಲಿದೆ.

ಬೀದಿಗೆ ಬಂದ ಹೊಸ ವಾಹನಗಳಲ್ಲಿ ಸೈಕಲ್ಲು ಅತ್ಯಂತ ಸೌಮ್ಯವಾದುದು. ಅದರ ಹುಟ್ಟಿನ ಕಥೆ ಸ್ವಾರಸ್ಯಕರವಾಗಿದೆ. 1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಎಂಬಾತನು ಎರಡು ಗಾಲಿಗಳ ಕಟ್ಟಿಗೆಯ ವಾಹನವೊಂದನ್ನು ಓಡಿಸಿ ತೋರಿಸಿದನು. ಅದಕ್ಕೆ ಪೆಡಲುಗಳಿರಲಿಲ್ಲ, ಸವಾರನು ನೆಲವನ್ನು ಕಾಲಿನಿಂದ ಒದ್ದು ಮುಂದೆ ಸಾಗಬೇಕಾಗಿತ್ತು. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಮುಂದಿನ ಗಾಲಿಗೆ ಪೆಡಲು ಬಂದಿತು. ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಹೆಚ್ಚುಕಡಿಮೆ ಸಮಾನವಾದ ಎರಡು ಗಾಲಿಗಳನ್ನೂ, ಹಿಂದಿನ ಗಾಲಿಯನ್ನು ತಿರುಗಿಸುವ ಚೈನನ್ನೂ ಉಳ್ಳ ಸೈಕಲ್ಲನ್ನು ರೂಪಿಸಿದನು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದನು. ಗೋಕಾಕ ಜಲಪಾತದ ದಂಡೆಯಲ್ಲಿ ನೂಲಿನ ಗಿರಣಿ ತಲೆಯೆತ್ತಿದ್ದು ಹೆಚ್ಚುಕಡಿಮೆ ಇದೇ ವರ್ಷಗಳಲ್ಲಿ ಎಂಬುದು ಗಮನಾರ್ಹವಾದ ಸಂಗತಿ. ನೀರಿನ ಬಲದಿಂದ ಯಂತ್ರ ತಿರುಗತೊಡಗಿದ ಕಾಲದಲ್ಲಿಯೇ, ಮನುಷ್ಯನು ತನ್ನ ಕಾಲಿನ ಬಲದಿಂದ ದೂರವನ್ನು ಗೆಲ್ಲುವ ಉಪಾಯವನ್ನೂ ಕಂಡುಕೊಂಡನು.

ಬಡವರ ಪಾಲಿಗೆ ಸೈಕಲ್ಲು ವರವಾಗಿ ಬಂದಿತು. ಅದಕ್ಕೆ ಮೇವು ಬೇಡ, ಎಣ್ಣೆ ಬೇಡ. ಗಾಳಿಯನ್ನು ಕೆಡಿಸದು, ಸದ್ದನ್ನು ಮಾಡದು. ಕರ್ನಾಟಕ ಸರಕಾರವು 2006-07ನೆಯ ಸಾಲಿನಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿ ಹಲವು ವರ್ಷಗಳವರೆಗೆ ನಡೆಸಿತು. ಹೊಲದಲ್ಲಿಯೇ ಮನೆ ಕಟ್ಟಿಕೊಂಡು ವಾಸಿಸುವ ಕುಟುಂಬಗಳು ಬೆಳಗಾವಿ ಜಿಲ್ಲೆಯಲ್ಲಿ ಬಹಳ. ಇಂಥ ತೋಟದ ಮನೆಯ ಹುಡುಗಿಗೆ ಮೂರು ನಾಲ್ಕು ಕಿಲೋಮೀಟರು ದೂರದ ಪ್ರೌಢಶಾಲೆಯನ್ನು ಸೈಕಲ್ಲು ಹತ್ತಿರ ತಂದಿತು. ನಡೆದು ಹೋದರೆ ಮುಕ್ಕಾಲು ಗಂಟೆ ಬೇಕಾಗುವ ಹಾದಿ ಕಾಲು ಗಂಟೆಯದಾಯಿತು. ಹಾಲಿನ ಕ್ಯಾನು ತೂಗುಹಾಕಿಕೊಂಡು ಮನೆಮನೆಗೆ ಹೋಗುವವರಿಗೂ, ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡು ಬರುವ ರೈತರಿಗೂ ಅದು ಬದುಕಿನ ಸಾಧನ. ಅರುವತ್ತು ದಾಟಿದರೂ ಸೈಕಲ್ ತುಳಿಯುವುದನ್ನು ಬಿಡದ ಗಟ್ಟಿ ಮುದುಕರೂ ನಮ್ಮಲ್ಲಿದ್ದಾರೆ. ಆದುದರಿಂದ ಸೈಕಲ್ ಸವಾರರೆಂದರೆ ಕಿರಿಯರು, ಪಾದಚಾರಿಗಳೆಂದರೆ ಹಿರಿಯರು ಎಂದು ಗೆರೆ ಎಳೆದು ಹೇಳುವಂತಿಲ್ಲ. ಬೆಳಿಗ್ಗೆ ಸೈಕಲ್ ಮೇಲಿದ್ದವರು ಸಂಜೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಇಂದಿನ ಸವಾರನೇ ನಾಳಿನ ವೃದ್ಧ.

ಇನ್ನು ಓಣಿಯ ಹಿರಿಯರ ಕಡೆಗೆ ನೋಡೋಣ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅರುವತ್ತು ವರ್ಷ ಮೀರಿದವರ ಸಂಖ್ಯೆ ಹತ್ತು ಕೋಟಿಗೂ ಅಧಿಕವಾಗಿತ್ತು. ಮಕ್ಕಳು ಕೆಲಸಕ್ಕಾಗಿ ಪರಸ್ಥಳಕ್ಕೆ ಹೋದ ಮನೆಗಳಲ್ಲಿ ಹಿರಿಯರು ಇಬ್ಬರೇ, ಕೆಲವೆಡೆ ಒಬ್ಬರೇ ಉಳಿದಿರುವುದುಂಟು. ಕೆಲಸದಿಂದ ನಿವೃತ್ತರಾದವರಿಗೆ ಬೆಳಗಿನ ಗುಡಿ ಅಥವಾ ಮಸೀದಿ, ಸಂಜೆಯ ಕಟ್ಟೆ, ತಿಂಗಳಿಗೊಮ್ಮೆ ಪಿಂಚಣಿಗಾಗಿ ಅಂಚೆ ಕಚೇರಿ ಇಲ್ಲವೆ ಬ್ಯಾಂಕು, ಆಗೀಗ ದವಾಖಾನೆ, ಇವೇ ಹೊರಲೋಕದ ನಂಟುಗಳು. ಈ ನಂಟುಗಳೆಲ್ಲವೂ ಓಣಿಯ ಹಾದಿಯ ಮೇಲೆಯೇ ನಿಂತಿವೆ.

ವಯಸ್ಸಾದಂತೆ ದೇಹದಲ್ಲಿ ಅನೇಕ ಬದಲಾವಣೆಗಳಾಗುತ್ತವೆ. ಕಿವಿಯು ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಸೈಕಲ್ಲಿನ ಗಂಟೆಯ ಕಿಣಿಕಿಣಿ ನಾದವು ಅಂಥ ಸ್ವರವೇ ಆಗಿದೆ. ಕಣ್ಣಿನ ಪೊರೆ ಬೆಳೆದಾಗ ನೋಟ ಮಸುಕಾಗುತ್ತದೆ. ಎದುರಿನಿಂದ ಬರುವ ದೀಪದ ಪ್ರಖರತೆಗೆ ಕಣ್ಣು ಕುಕ್ಕುತ್ತದೆ. ಬೆಳಕಿನಿಂದ ಕತ್ತಲೆಗೆ ಬಂದಾಗ ಕಣ್ಣು ಹೊಂದಿಕೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತದೆ. ಮೊಣಕಾಲಿನ ನೋವಿರುವವರು ತಟ್ಟನೆ ಪಕ್ಕಕ್ಕೆ ಸರಿಯಲಾರರು. ಹೀಗಿರುವಾಗ, ಗಂಟೆ ಬಾರಿಸಿದರೂ ಸರಿಯದ ಅಜ್ಜನನ್ನು ಕಂಡು ಹಟಮಾರಿ ಎಂದು ಸವಾರನು ಭಾವಿಸಿದರೆ ಅದು ತಪ್ಪು ತಿಳುವಳಿಕೆ. ಅವನ ಗಂಟೆ ಅಜ್ಜನ ಕಿವಿಯನ್ನು ಮುಟ್ಟಿಯೇ ಇರಲಾರದು.

ಒಂದು ಸರಳವಾದ ಲೆಕ್ಕವನ್ನು ಮಾಡಿ ನೋಡೋಣ. ಆರು ಮೀಟರು ಅಗಲದ ಬೀದಿಯೊಂದಿದೆಯೆಂದು ಭಾವಿಸೋಣ. ಸೆಕೆಂಡಿಗೆ ಮುಕ್ಕಾಲು ಮೀಟರಿನಂತೆ ನಡೆಯುವ ವೃದ್ಧೆಯೊಬ್ಬಳಿಗೆ ಅದನ್ನು ದಾಟಲು ಎಂಟು ಸೆಕೆಂಡು ಬೇಕು. ಗಂಟೆಗೆ 15 ಕಿಲೋಮೀಟರು ವೇಗದ ಸೈಕಲ್ಲು ಸೆಕೆಂಡಿಗೆ ನಾಲ್ಕು ಮೀಟರಿಗಿಂತ ಹೆಚ್ಚು ದೂರ ಸಾಗುತ್ತದೆ. ಆಕೆ ಹೆಜ್ಜೆ ಇಟ್ಟಾಗ ಮೂವತ್ತು ಮೀಟರು ಆಚೆ, ಓಣಿಯ ತಿರುವಿನಲ್ಲಿದ್ದ ಸೈಕಲ್ಲು ಆಕೆ ಇನ್ನೊಂದು ಬದಿಯನ್ನು ಮುಟ್ಟುವ ಮೊದಲೇ ಆಕೆಯ ಬಳಿಗೆ ಬಂದಿರುತ್ತದೆ! ಹೆಜ್ಜೆ ಇಡುವ ಮುನ್ನ ಆಕೆ ನೋಡಿದ್ದು ನಿಜ. ಆಗ ಹಾದಿ ತೆರವಾಗಿದ್ದುದೂ ನಿಜ. ಸವಾರನು ತಿರುವಿನಿಂದ ಬಂದುದೂ ನಿಜ. ಇಬ್ಬರದೂ ತಪ್ಪಿಲ್ಲದೆ ಅನಾಹುತ ನಡೆದುಹೋಗಬಹುದು. ಸವಾರನಿಗೆ ಅಪಾಯದ ಅರಿವಾಗಿ ಕೈ ಬ್ರೇಕನ್ನು ಒತ್ತುವುದರೊಳಗೆ ಸುಮಾರು ಒಂದು ಸೆಕೆಂಡು ಕಳೆಯುತ್ತದೆ; ಅಷ್ಟರಲ್ಲಿ ಸೈಕಲ್ಲು ಇನ್ನೂ ನಾಲ್ಕು ಮೀಟರು ಮುಂದೆ ಬಂದಿರುತ್ತದೆ. ಅಲ್ಲದೆ, ವೇಗ ಇಮ್ಮಡಿಯಾದರೆ ಢಿಕ್ಕಿಯ ಶಕ್ತಿ ನಾಲ್ಮಡಿಯಾಗುತ್ತದೆಂದು ವಿಜ್ಞಾನದ ಪಾಠದಲ್ಲಿ ನಾವು ಓದುತ್ತೇವೆ. ಓಣಿಯಲ್ಲಿ ವೇಗವನ್ನು ಅರ್ಧಕ್ಕೆ ಇಳಿಸುವುದರ ಬೆಲೆ ಎಷ್ಟೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎಳೆಯ ವಯಸ್ಸಿನಲ್ಲಿ ಬಿದ್ದವನು ಮೊಣಕಾಲಿನ ಧೂಳು ಕೊಡವಿಕೊಂಡು ಏಳುತ್ತಾನೆ. ಮುಪ್ಪಿನಲ್ಲಿ ಎಲುಬುಗಳು ಸವೆದು ದುರ್ಬಲವಾಗಿರುತ್ತವೆ. ಒಂದು ಸಣ್ಣ ಬೀಳುವಿಕೆಯಿಂದ ಸೊಂಟದ ಕೀಲಿನ ಎಲುಬು ಮುರಿಯಬಹುದು. ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಹಾಸಿಗೆ, ಅದರ ಹಿಂದೆ ಬರುವ ಬೇರೆ ಬೇನೆಗಳು ಕಾದಿರುತ್ತವೆ. ಅನೇಕರು ಮತ್ತೆ ಮೊದಲಿನಂತೆ ನಡೆಯಲಾರರು. ಬೀಳದಿದ್ದರೂ, ಬೀಳುವ ಭಯವೇ ಒಂದು ಕೇಡು. ಸೈಕಲ್ಲೊಂದು ಮೈಗೆ ತಾಗುವಂತೆ ಹಾದುಹೋದ ಮರುದಿನ ಅಜ್ಜಿ ಗುಡಿಗೆ ಹೊರಡಲು ಹಿಂಜರಿಯುತ್ತಾಳೆ; ವಾರದ ನಂತರ ಕಟ್ಟೆಯ ಗೆಳತಿಯರನ್ನು ಕಾಣುವುದೂ ನಿಲ್ಲುತ್ತದೆ. ನಡಿಗೆ ನಿಂತಂತೆ ಕಾಲಿನ ಬಲ ಕುಂದುತ್ತದೆ. ಬಲ ಕುಂದಿದಂತೆ ಭಯ ಇನ್ನೂ ಹೆಚ್ಚುತ್ತದೆ. ಹೀಗೆ ಒಂದು ಓಣಿಯಷ್ಟಿದ್ದ ಆಕೆಯ ಲೋಕವು ಒಂದು ಕೋಣೆಯಷ್ಟಾಗುತ್ತದೆ. ಯಾರಿಗೂ ಗಾಯವಾಗಲಿಲ್ಲ, ಯಾವ ಠಾಣೆಯಲ್ಲಿಯೂ ದೂರು ದಾಖಲಾಗಲಿಲ್ಲ. ಆದರೂ ಒಬ್ಬರ ಬಾಳಿನ ಸಂತೋಷ ಅಳಿದುಹೋಯಿತು.

ಹಾಗೆಂದು ಸವಾರನನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಅವನ ಕಷ್ಟಗಳನ್ನೂ ಅರಿಯಬೇಕು. ಕಬ್ಬು ಕಟಾವಿನ ಕಾಲದಲ್ಲಿ ಈ ಭಾಗದ ರಸ್ತೆಗಳಲ್ಲಿ ಎರಡೆರಡು ಟ್ರೇಲರುಗಳಿಗೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಸಕ್ಕರೆ ಕಾರಖಾನೆಗಳ ಕಡೆಗೆ ಸಾಲುಗಟ್ಟಿ ಸಾಗುತ್ತವೆ. ಮೋಟಾರ್ ಸೈಕಲ್ಲುಗಳು ಎಡಬಲವೆನ್ನದೆ ನುಗ್ಗುತ್ತವೆ. ಇವುಗಳಿಗೆ ಅಂಜಿ ಸೈಕಲ್ ಸವಾರನು ರಸ್ತೆಯ ಅಂಚಿಗೆ ಸರಿಯುತ್ತಾನೆ. ಪಾದಚಾರಿ ನಡೆಯುತ್ತಿರುವುದೂ ಆ ಅಂಚಿನಲ್ಲಿಯೇ. ಕಾಲುದಾರಿ ಇರಬೇಕಾದಲ್ಲಿ ಅಂಗಡಿಯ ಸಾಮಾನುಗಳು, ನಿಲ್ಲಿಸಿದ ವಾಹನಗಳು, ತೆರೆದ ಚರಂಡಿ ಇರುತ್ತವೆ. ಸಂತೆಯ ದಿನವಂತೂ ಕಾಲಿಡಲು ಜಾಗವಿರದು. ಮಳೆಗಾಲದಲ್ಲಿ ಕಬ್ಬಿಣದ ಗಾಲಿಯಂಚು ತೊಯ್ದಾಗ ಬ್ರೇಕು ಸುಲಭವಾಗಿ ಹಿಡಿಯದು. 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನರು ಪ್ರಾಣ ಕಳೆದುಕೊಂಡರು. ಅವರಲ್ಲಿ ಸುಮಾರು 33,000 ಮಂದಿ ಪಾದಚಾರಿಗಳಾಗಿದ್ದರು. ಈ ಸಾವುಗಳನ್ನು ತಂದವುಗಳು ಮುಖ್ಯವಾಗಿ ಮೋಟಾರು ವಾಹನಗಳೇ ಹೊರತು ಸೈಕಲ್ಲುಗಳಲ್ಲ. ಅವುಗಳ ಮುಂದೆ ಸೈಕಲ್ ಸವಾರನೂ ಪಾದಚಾರಿಯಷ್ಟೇ ನಿರಾಯುಧನು. ಬಲವಂತರ ಒತ್ತಡದಿಂದ ಇಬ್ಬರು ದುರ್ಬಲರು ಒಂದೇ ಇಕ್ಕಟ್ಟಿನಲ್ಲಿ ಎದುರಾಗಿದ್ದಾರೆ. ಅವರು ಪರಸ್ಪರ ವೈರಿಗಳಾಗುವುದಕ್ಕಿಂತ ಮಿತ್ರರಾಗುವುದೇ ವಿಹಿತ.

ಈ ತೊಡಕನ್ನು ಬೇರೆ ನಾಡಿನವರು ಹೇಗೆ ಬಿಡಿಸಿಕೊಂಡಿದ್ದಾರೆ? ಅಮೆರಿಕದ ಅರಿಜೋನಾ ರಾಜ್ಯದಲ್ಲಿ 1960ರ ಜನವರಿ 1ರಂದು ಸನ್ ಸಿಟಿ ಎಂಬ ಊರು ಆರಂಭವಾಯಿತು. ನಿವೃತ್ತರಾದ ಹಿರಿಯರು ಮಾತ್ರವೇ ವಾಸಿಸಲೆಂದು ಕಟ್ಟಿದ ಊರದು. ಕಿರಿಯರಿಂದ ದೂರವಾದರೂ ಅಲ್ಲಿ ಬೀದಿಯನ್ನು ಹಂಚಿಕೊಳ್ಳುವ ಪ್ರಶ್ನೆ ಮಾತ್ರ ದೂರವಾಗಲಿಲ್ಲ. ನಡೆಯುವವರು, ಸೈಕಲ್ ತುಳಿಯುವವರು, ಸಣ್ಣ ವಿದ್ಯುತ್ ಗಾಡಿಗಳಲ್ಲಿ ಕುಳಿತು ಹೋಗುವವರು ಎಲ್ಲರೂ ಒಂದೇ ಬೀದಿಯಲ್ಲಿ ಹೊಂದಿಕೊಳ್ಳಬೇಕಾಯಿತು. ನೆದರ್‌ಲ್ಯಾಂಡ್ಸ್ ದೇಶದವರು ಬೇರೆ ಹಾದಿ ಹಿಡಿದರು. ಡೆಲ್ಫ್ಟ್ ಎಂಬ ಪಟ್ಟಣದ ಕೆಲವು ವಸತಿ ಬೀದಿಗಳಲ್ಲಿ ಮರಗಳನ್ನೂ, ಕುಳಿತುಕೊಳ್ಳುವ ಆಸನಗಳನ್ನೂ ಇರಿಸಿ, ಬೀದಿಯನ್ನು ಅಂಗಳದಂತೆ ಮಾರ್ಪಡಿಸಿದರು. 1976ರಲ್ಲಿ ಇಂಥ ಬೀದಿಗಳಿಗೆ ಅಲ್ಲಿನ ಸರಕಾರವು ಕಾನೂನಿನ ಮನ್ನಣೆ ನೀಡಿತು. ಅಲ್ಲಿ ನಡೆಯುವವರು ಬೀದಿಯ ಪೂರ್ಣ ಅಗಲವನ್ನು ಬಳಸಬಹುದು. ಕಾರಾಗಲಿ ಸೈಕಲ್ಲಾಗಲಿ ಮನುಷ್ಯನ ನಡಿಗೆಯ ವೇಗದಲ್ಲಿಯೇ ಸಾಗಬೇಕೆಂದು ಆಗ ನಿಯಮವಾಯಿತು. ಪಾದಚಾರಿಗಳು ಕೂಡ ವಿನಾಕಾರಣ ವಾಹನಗಳನ್ನು ತಡೆಯಬಾರದು. ನಿಧಾನವಾಗಿ ಹೋಗುವವನಿಗೆ ಮೊದಲ ಹಕ್ಕು ಎಂಬುದೇ ಈ ನಿಯಮದ ತಿರುಳು. ನಮ್ಮ ನಾಡಿನಲ್ಲಿಯೇ, ನಿವೃತ್ತರ ನೆಲೆಯೆಂದು ಹೆಸರಾದ ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ ಆರಂಭವಾಯಿತು. ಹಿರಿಯರೂ ಸೈಕಲ್ಲುಗಳೂ ಒಂದೇ ಊರಿನಲ್ಲಿ ಇರಬೇಕೆಂಬ ಆಶಯ ಪರದೇಶದ್ದು ಮಾತ್ರವಲ್ಲವೆಂಬುದಕ್ಕೆ ಇದು ಸಾಕ್ಷಿ.

ನಮ್ಮ ಓಣಿಗಳಲ್ಲಿ ಹಿರಿಯರನ್ನೂ ಕಿರಿಯರನ್ನೂ ಬೇರೆ ಬೇರೆ ಊರುಗಳಿಗೆ ಕಳುಹಿಸುವ ಪದ್ಧತಿಯಿಲ್ಲ. ಅದು ಬೇಕಾಗಿಯೂ ಇಲ್ಲ. ಹಿರಿಯರಿಲ್ಲದ ಮನೆ ಗುರುವಿಲ್ಲದ ಮಠ ಎಂಬ ಗಾದೆ ಓಣಿಗೂ ಅನ್ವಯಿಸುತ್ತದೆ. ಆದರೆ ಒಟ್ಟಿಗೆ ಬಾಳಬೇಕಾದರೆ ಎಲ್ಲರಿಗೂ ಕೆಲವು ಕರ್ತವ್ಯಗಳಿವೆ.

ಸವಾರನ ಮೊದಲ ಕರ್ತವ್ಯವೆಂದರೆ ಬ್ರೇಕು, ಗಂಟೆ, ದೀಪಗಳನ್ನು ಸುಸ್ಥಿತಿಯಲ್ಲಿಡುವುದು. ಹಿಂದೆ ನಮ್ಮ ಅನೇಕ ಊರುಗಳಲ್ಲಿ ರಾತ್ರಿ ದೀಪವಿಲ್ಲದೆ ಸೈಕಲ್ ಹೊಡೆಯುವವರನ್ನು ಪೋಲೀಸರು ತಡೆದು ನಿಲ್ಲಿಸುತ್ತಿದ್ದರು. ದೀಪವು ಸವಾರನಿಗೆ ಹಾದಿ ತೋರುವುದಕ್ಕಷ್ಟೇ ಅಲ್ಲ, ಅವನು ಬರುತ್ತಿರುವುದನ್ನು ಇತರರಿಗೆ ತೋರುವುದಕ್ಕೂ ಬೇಕು. ಎರಡನೆಯದಾಗಿ, ಗಂಟೆಯನ್ನು ದೂರದಿಂದಲೇ ಬಾರಿಸಬೇಕು. ಬೆನ್ನ ಹಿಂದೆಯೇ ಥಟ್ಟನೆ ಬಾರಿಸಿದರೆ ವೃದ್ಧರು ಬೆಚ್ಚಿ, ಸರಿಯಬಾರದ ಕಡೆಗೇ ಸರಿಯುತ್ತಾರೆ. ಗಂಟೆ ಕೇಳಿಸಲಿಲ್ಲವೆಂದು ತೋರಿದರೆ ವೇಗ ಇಳಿಸಿ, ಬಾಯಿಬಿಟ್ಟು ಹೇಳಬೇಕು. “ಮುತ್ಯಾ, ಹಿಂದ ಸೈಕಲ್ ಐತ್ರಿ, ಬಲಕ್ಕಿಂದ ಹೊಂಟೇನ್ರಿ” ಎಂದು ಹುಡುಗನು ಹೇಳಿದರೆ, “ಹೋಗಪಾ ತಮ್ಮಾ, ಸಾವಕಾಶ ಹೋಗು” ಎಂಬ ಉತ್ತರ ಬಂದೇ ಬರುತ್ತದೆ. ಎರಡು ಮಾತುಗಳಲ್ಲಿ ಅಪಾಯ ತಪ್ಪುವುದಲ್ಲದೆ, ಅಪರಿಚಿತರಾಗಿದ್ದವರು ಒಬ್ಬರನ್ನೊಬ್ಬರು ಬಲ್ಲವರಾಗುತ್ತಾರೆ. ಜನಸಂದಣಿ ಹೆಚ್ಚಿದ್ದಲ್ಲಿ ಇಳಿದು, ಸೈಕಲ್ಲನ್ನು ತಳ್ಳಿಕೊಂಡು ನಡೆಯುವುದರಲ್ಲಿ ಅವಮಾನವೇನೂ ಇಲ್ಲ. ಗೆಳೆಯರೊಂದಿಗೆ ಮೂವರು ಸಾಲಾಗಿ ಹೋಗುವುದು, ಕೈಬಿಟ್ಟು ಓಡಿಸುವುದು, ಓಣಿಯ ತಿರುವಿನಲ್ಲಿ ಪಂದ್ಯ ಕಟ್ಟುವುದು, ಇವು ಬಯಲಿನ ಆಟಗಳು, ಓಣಿಗೆ ಸಲ್ಲತಕ್ಕವಲ್ಲ.

ಹಿರಿಯರೂ ಕೆಲವು ಎಚ್ಚರಗಳನ್ನು ವಹಿಸಬೇಕು. ಕಾಲುದಾರಿ ಇಲ್ಲದ ರಸ್ತೆಯಲ್ಲಿ ಬಲಬದಿಯಲ್ಲಿ ನಡೆದರೆ ಎದುರಿಗೆ ಬರುವ ವಾಹನಗಳು ಕಣ್ಣಿಗೆ ಬೀಳುತ್ತವೆ. ಕತ್ತಲಾದ ಮೇಲೆ ತಿಳಿಬಣ್ಣದ ಬಟ್ಟೆಯೂ ಕೈಯಲ್ಲೊಂದು ಬ್ಯಾಟರಿಯೂ ಇರುವುದು ಲೇಸು. ಹಿಂದಿನಿಂದ ಸದ್ದು ಕೇಳಿದಾಗ ಓಡಲೆತ್ನಿಸದೆ ಇದ್ದಲ್ಲಿಯೇ ನಿಂತರೆ ಸವಾರನು ಪಕ್ಕದಿಂದ ಸಾಗಬಲ್ಲನು. ಮನೆಯವರು ಅವರ ಕಣ್ಣು ಕಿವಿಗಳನ್ನು ಪರೀಕ್ಷೆ ಮಾಡಿಸಬೇಕು. ಕಣ್ಣಿನ ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದಾಗಿದೆ. ಇನ್ನು ಪುರಸಭೆ, ನಗರಸಭೆಗಳು ಬೀದಿದೀಪ ಉರಿಯುವಂತೆ, ಚರಂಡಿಗೆ ಮುಚ್ಚಳವಿರುವಂತೆ, ಕಾಲುದಾರಿ ನಡೆಯುವವರಿಗೇ ಉಳಿಯುವಂತೆ ನೋಡಿಕೊಳ್ಳಬೇಕು. ಹುಬ್ಬು ರಸ್ತೆಗಳನ್ನು ಎಲ್ಲಿ ಬೇಕೋ ಅಲ್ಲಿ ಮಾತ್ರ ಹಾಕಿ, ಅವು ಕಾಣುವಂತೆ ಬಿಳಿಯ ಬಣ್ಣ ಬಳಿಸಬೇಕು. ಇಲ್ಲವಾದರೆ ಮೋಟಾರನ್ನು ತಡೆಯಲು ಹಾಕಿದ ಹುಬ್ಬು ಸೈಕಲ್ ಸವಾರನನ್ನೇ ಕೆಡವೀತು.

ಇವೆಲ್ಲ ನಿಯಮಗಳು ಅಗತ್ಯ. ಆದರೆ ಓಣಿ ಓಣಿಗೂ ಪೋಲೀಸರನ್ನು ನಿಲ್ಲಿಸಲು ಯಾವ ಸರಕಾರಕ್ಕೂ ಸಾಧ್ಯವಿಲ್ಲ. ಅಲ್ಲಿ ಕಾವಲಿರುವುದು ಸವಾರನ ವಿವೇಕವೊಂದೇ. ತಿರುವಿನಲ್ಲಿ ವೇಗ ಇಳಿಸಿದವನನ್ನು ಯಾರೂ ಹೊಗಳುವುದಿಲ್ಲ. ತಪ್ಪಿಹೋದ ಅಪಘಾತಕ್ಕೆ ಲೆಕ್ಕದ ಪುಸ್ತಕವಿಲ್ಲ. ಶಾಲೆಗೆ ಎರಡು ನಿಮಿಷ ತಡವಾದರೆ ಅದನ್ನು ಮರುದಿನ ಸ್ವಲ್ಪ ಬೇಗ ಹೊರಟು ಸರಿಪಡಿಸಿಕೊಳ್ಳಬಹುದು. ಮುರಿದ ಎಲುಬನ್ನೂ ಮುರಿದ ಧೈರ್ಯವನ್ನೂ ಹಾಗೆ ಸರಿಪಡಿಸಲಾಗದು. ಊರಿನ ಏಳಿಗೆಯನ್ನು ಅಗಲವಾದ ರಸ್ತೆಗಳಿಂದಲೂ ವೇಗದ ವಾಹನಗಳಿಂದಲೂ ಅಳೆಯುವವರುಂಟು. ಎಂಬತ್ತು ವರ್ಷದ ಅಜ್ಜಿಯೊಬ್ಬಳು ಯಾರ ಕೈಯನ್ನೂ ಹಿಡಿಯದೆ, ಅಂಜಿಕೆಯಿಲ್ಲದೆ ಓಣಿಯನ್ನು ದಾಟಬಲ್ಲಳೇ, ಹತ್ತು ವರ್ಷದ ಬಾಲಕಿಯೊಬ್ಬಳು ಅದೇ ಓಣಿಯಲ್ಲಿ ನಿರ್ಭಯವಾಗಿ ಸೈಕಲ್ ತುಳಿಯಬಲ್ಲಳೇ ಎಂದು ಕೇಳಿ ನೋಡುವುದು ಅದಕ್ಕಿಂತ ಸರಿಯಾದ ಅಳತೆ.

ಅಭ್ಯಾಸ

ಅ) ಶಬ್ದಾರ್ಥ
ಪರಕೀಯ - ಬೇರೆಯವರದು
ಹಸುಳೆ - ಎಳೆಯ ಮಗು
ವಿಹಿತ - ಯೋಗ್ಯವಾದುದು
ನಿರಾಯುಧ - ಆಯುಧವಿಲ್ಲದವನು
ಪ್ರಖರತೆ - ತೀಕ್ಷ್ಣತೆ
ಮುತ್ಯಾ - ಅಜ್ಜ
ಸಾವಕಾಶ - ನಿಧಾನವಾಗಿ

ಆ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ
1. ಹಳೆಯ ಊರುಗಳ ಓಣಿಗಳು ರೂಪುಗೊಂಡ ಕಾಲದ ಮುಖ್ಯ ವಾಹನ ಯಾವುದು?
2. ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ ಸೈಕಲ್ಲಿನ ವಿಶೇಷವೇನು?
3. ವಯಸ್ಸಾದವರ ಕಿವಿ ಮೊದಲು ಯಾವ ಸ್ವರಗಳನ್ನು ಕಳೆದುಕೊಳ್ಳುತ್ತದೆ?

ಇ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ
1. ಇಬ್ಬರದೂ ತಪ್ಪಿಲ್ಲದೆ ಅನಾಹುತ ನಡೆಯಬಹುದೆಂಬುದನ್ನು ಲೇಖಕರು ಯಾವ ಲೆಕ್ಕದಿಂದ ವಿವರಿಸಿದ್ದಾರೆ?
2. ಬೀಳುವ ಭಯವು ಹಿರಿಯರ ಬಾಳನ್ನು ಹೇಗೆ ಸಂಕುಚಿತಗೊಳಿಸುತ್ತದೆ?
3. ಸೈಕಲ್ ಸವಾರನೂ ಪಾದಚಾರಿಯೂ ಮಿತ್ರರಾಗಬೇಕೆಂದು ಹೇಳಲು ಕಾರಣವೇನು?

ಈ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ
ಊರೆಂದರೆ, ಮಳೆಗಾಲ, ಗುರುವಿಲ್ಲದ

ಉ) ಮಾಡಿ ನೋಡಿರಿ
ನಿಮ್ಮ ಓಣಿಯ ಅಗಲವನ್ನು ಅಳೆಯಿರಿ. ಹಿರಿಯರೊಬ್ಬರಿಗೆ ಅದನ್ನು ದಾಟಲು ಎಷ್ಟು ಸೆಕೆಂಡು ಬೇಕಾಗುತ್ತದೆಂದು ಎಣಿಸಿರಿ. ಅಷ್ಟರಲ್ಲಿ ನಿಮ್ಮ ಸೈಕಲ್ಲು ಎಷ್ಟು ದೂರ ಸಾಗುವುದೆಂದು ಲೆಕ್ಕ ಹಾಕಿ, ನಿಮ್ಮ ಓಣಿಗೆ ತಕ್ಕ ವೇಗ ಯಾವುದೆಂಬುದನ್ನು ತರಗತಿಯಲ್ಲಿ ಚರ್ಚಿಸಿರಿ.